ಎರಡು ಮನೆಗಳ ನಡುವಿನ ಗಾಳಿಕೊಳವೆ

ಮನೆಯ ಕೊಳಕು ನೀರನ್ನು ಅಂಗಳದ ಚೇಂಬರಿಗೂ ಅಲ್ಲಿಂದ ಬೀದಿಯ ಒಳಚರಂಡಿಗೂ ಸಾಗಿಸುವ ಏರ್ಪಾಟಿನಲ್ಲಿ ಮೂರು ಬಗೆಯ ಕೊಳವೆಗಳಿರುತ್ತವೆ. ಶೌಚಾಲಯದಿಂದ ಮಲಮೂತ್ರವನ್ನು ಇಳಿಸುವ ನಾಲ್ಕಿಂಚಿನ ಕೊಳವೆ ಒಂದು. ಬಚ್ಚಲು, ಅಡುಗೆಮನೆ, ಕೈತೊಳೆಯುವ ಬೇಸಿನ್ನುಗಳ ನೀರನ್ನು ಇಳಿಸುವ ಕೊಳವೆ ಇನ್ನೊಂದು. ನೀರನ್ನೇ ಒಯ್ಯದೆ, ಈ ಎರಡಕ್ಕೂ ಅಲ್ಲಲ್ಲಿ ಕೂಡಿಕೊಂಡು ತಾರಸಿಯ ಮೇಲೆ ಬಾಯಿ ತೆರೆದು ನಿಲ್ಲುವ ಗಾಳಿಕೊಳವೆ ಮೂರನೆಯದು. ಪ್ಲಂಬರುಗಳು ಇದನ್ನು ವೆಂಟ್ ಪೈಪ್ ಎಂದೋ ಏರ್ ಪೈಪ್ ಎಂದೋ ಕರೆಯುತ್ತಾರೆ. ಚಿಕ್ಕ ಮನೆಗಳಲ್ಲಿ ಪ್ರತ್ಯೇಕ ಗಾಳಿಕೊಳವೆ ಇರದೆ ಶೌಚದ ಕೊಳವೆಯನ್ನೇ ತಾರಸಿಯ ತನಕ ಏರಿಸಿ ತೆರೆದು ಬಿಟ್ಟಿರುವುದೂ ಉಂಟು. ಆಗ ಆ ಮೇಲಿನ ಖಾಲಿ ತುಂಡೇ ಗಾಳಿಕೊಳವೆಯ ಕೆಲಸವನ್ನು ಮಾಡುತ್ತದೆ.

ಈ ಕೊಳವೆ ಒಂದಕ್ಕಿಂತ ಹೆಚ್ಚು ಮನೆಗಳಿಗೆ ಸೇರಿದ್ದಾಗುವ ಸಂದರ್ಭಗಳು ಕರ್ನಾಟಕದ ಊರುಗಳಲ್ಲಿ ಮುಖ್ಯವಾಗಿ ಎರಡು. ಅಪಾರ್ಟ್‌ಮೆಂಟುಗಳಲ್ಲಿ ಒಂದರ ಮೇಲೊಂದಿರುವ ಮನೆಗಳೂ, ಅನೇಕ ವೇಳೆ ಡಕ್ಟ್ ಎಂಬ ಕಿರಿದಾದ ಬಾವಿಯಂಥ ಜಾಗದ ಎರಡು ಬದಿಯ ಮನೆಗಳೂ ಒಂದೇ ಕೊಳವೆಯನ್ನು ಹಂಚಿಕೊಂಡಿರುತ್ತವೆ. ಇನ್ನೊಂದು, ಅಣ್ಣತಮ್ಮಂದಿರು ಪಾಲಾಗಿ ತಂದೆ ಕಟ್ಟಿಸಿದ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡಾಗ ಅಥವಾ ಜೋಡಿಮನೆಯ ಒಂದು ಭಾಗ ಬೇರೆಯವರಿಗೆ ಮಾರಾಟವಾದಾಗ ಉಂಟಾಗುವ ಸ್ಥಿತಿ. ಪಾಲುಪತ್ರದಲ್ಲಿ ಬಾವಿಯ ನೀರು, ತೆಂಗಿನ ಮರ, ಓಡಾಡುವ ಓಣಿ ಎಲ್ಲವೂ ನಮೂದಾಗುತ್ತವೆ. ಗೋಡೆಯ ಮೂಲೆಯಲ್ಲಿ ಮೇಲೇರಿದ ಮೂರಿಂಚಿನ ಗಾಳಿಕೊಳವೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕೆಟ್ಟಾಗ ಮಾತ್ರ, ಕೆಟ್ಟದ್ದು ಅದೇ ಎಂಬುದೂ ತಿಳಿಯದೆ, ಎರಡು ಮನೆಗಳ ನಡುವೆ ವಾಸನೆಯ ಜಗಳ ಹುಟ್ಟಿಕೊಳ್ಳುತ್ತದೆ.

ಬಾಗಿನಲ್ಲಿ ನಿಂತ ನೀರು

ಕೊಳವೆಯೊಳಗಿನ ದುರ್ವಾಸನೆ ಮನೆಗೆ ನುಗ್ಗದಂತೆ ತಡೆಯುವುದು ಬಾಗಿಲೂ ಅಲ್ಲ, ಮುಚ್ಚಳವೂ ಅಲ್ಲ, ಕೇವಲ ಒಂದು ಹಿಡಿಯಷ್ಟು ನೀರು. ಕಮೋಡಿನ ಹಿಂಬದಿಯಲ್ಲಿ, ಬೇಸಿನ್ನಿನ ಕೆಳಗೆ, ಬಚ್ಚಲಿನ ಜಾಲರಿಯ ಅಡಿಯ ನಹಾನಿ ಟ್ರ್ಯಾಪಿನಲ್ಲಿ ಕೊಳವೆಯನ್ನು ಬೇಕೆಂದೇ ಬಗ್ಗಿಸಿರುತ್ತಾರೆ. ಹರಿದುಹೋದ ನೀರಿನ ಕೊನೆಯ ಪಾಲು ಆ ಬಾಗಿನಲ್ಲಿ ನಿಂತು ಎರಡೂ ಬದಿಯ ಗಾಳಿಯನ್ನು ಬೇರ್ಪಡಿಸುತ್ತದೆ. ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಇಂಥ ಬಾಗುಳ್ಳ ಶೌಚಪಾತ್ರೆಗೆ ಪೇಟೆಂಟ್ ಪಡೆದನು. ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಸರಳವೂ ಅಗ್ಗವೂ ಆದ ಉಪಾಯ ದೊರೆತಿಲ್ಲ. ಹೀಗೆ ನಿಂತ ನೀರನ್ನು ವಾಟರ್ ಸೀಲ್ ಎನ್ನುತ್ತಾರೆ. ಇಲ್ಲಿ ಅದನ್ನು ನೀರಿನ ತಡೆ ಎಂದು ಕರೆಯಬಹುದು.

ಈ ತಡೆಯ ಆಳ ಸಾಮಾನ್ಯವಾಗಿ 50 ಮಿಲಿಮೀಟರ್, ಅಂದರೆ ಎರಡು ಇಂಚು. ಇಷ್ಟು ನೀರು ಎಷ್ಟು ಒತ್ತಡವನ್ನು ತಾಳೀತು ಎಂದು ಲೆಕ್ಕ ಹಾಕಿದರೆ ಗಾಳಿಕೊಳವೆಯ ಅಗತ್ಯ ತಾನಾಗಿಯೇ ಮನದಟ್ಟಾಗುತ್ತದೆ. ಒಂದು ಮಿಲಿಮೀಟರ್ ಎತ್ತರದ ನೀರು ಸುಮಾರು 9.8 ಪಾಸ್ಕಲ್ ಒತ್ತಡಕ್ಕೆ ಸಮ. ಹಾಗಾಗಿ 50 ಮಿಲಿಮೀಟರಿಗೆ ಸುಮಾರು 490 ಪಾಸ್ಕಲ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 1,01,325 ಪಾಸ್ಕಲ್. ಎಂದರೆ ಕೊಳವೆಯೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಶೇಕಡಾ ಅರ್ಧದಷ್ಟು ಕುಸಿದರೆ ಸಾಕು, ಆ ನೀರೆಲ್ಲ ಕೊಳವೆಯೊಳಕ್ಕೆ ಎಳೆದುಹೋಗಿ ದಾರಿ ತೆರೆದುಕೊಳ್ಳುತ್ತದೆ. ಮನೆಯವರ ಆರೋಗ್ಯವನ್ನು ಕಾಯುವ ಕಾವಲು ಇಷ್ಟು ಸೂಕ್ಷ್ಮವಾದ ಸಮತೋಲದ ಮೇಲೆ ನಿಂತಿದೆ ಎಂಬುದನ್ನು ಅರಿತವರಿಗೆ ಗಾಳಿಕೊಳವೆಯ ಮೇಲೆ ಗೌರವ ಮೂಡದೆ ಇರದು.

ತಡೆ ಒಮ್ಮೆಗೇ ಪೂರ್ತಿ ಹೋಗಬೇಕೆಂದೇನೂ ಇಲ್ಲ. ಎಳೆತ 30 ಮಿಲಿಮೀಟರಿನಷ್ಟು ಇತ್ತೆಂದುಕೊಂಡರೆ, ಮನೆಯ ಬದಿಯ ನೀರಿನ ಮಟ್ಟ ಅಷ್ಟು ಕುಸಿದು, ಆಚೆ ಬದಿಯಲ್ಲಿ ಹೆಚ್ಚಾದ ನೀರು ಅಂಚು ದಾಟಿ ಹರಿದುಹೋಗುತ್ತದೆ; ಎಳೆತ ನಿಂತ ಮೇಲೆ ಉಳಿದ ನೀರು ಎರಡೂ ಬದಿಗೆ ಸಮನಾಗಿ ಹಂಚಿಕೊಂಡು 35 ಮಿಲಿಮೀಟರಿನ ಕುಗ್ಗಿದ ತಡೆಯಾಗಿ ನಿಲ್ಲುತ್ತದೆ. ಕಣ್ಣಿಗೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ, ವಾಸನೆಯೂ ಇರುವುದಿಲ್ಲ. ಮುಂದಿನ ಸಲ ಕೊಂಚ ಜೋರಾದ ಎಳೆತ ಬಂದಾಗ, ಅಥವಾ ಊರಿಗೆ ಹೋಗಿ ಬರುವಷ್ಟರಲ್ಲಿ ನೀರು ಒಂದಿಷ್ಟು ಆರಿಹೋದಾಗ, ಉಳಿದುದೂ ಹೋಗುತ್ತದೆ. ವಾಸನೆ ಒಂದು ದಿನ ಬಂದು ಎರಡು ದಿನ ಇಲ್ಲದಂತಾಗುವ ವಿಚಿತ್ರಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಇಳಿಯುವ ನೀರು, ಅದರೊಡನೆ ಗಾಳಿ

ಗಾಳಿಕೊಳವೆ ಇರುವುದು ಕೆಟ್ಟ ಗಾಳಿಯನ್ನು ಮೇಲಕ್ಕೆ ಬಿಡುವುದಕ್ಕಾಗಿ ಎಂಬ ನಂಬಿಕೆ ಎಲ್ಲೆಡೆ ಇದೆ. ಮನೆ ಕಟ್ಟುವ ಮೇಸ್ತ್ರಿಗಳಲ್ಲಿಯೂ ಇದೆ. ಅದು ಸುಳ್ಳೆನ್ನಲಾಗದು, ಆದರೆ ಆ ಕೊಳವೆಯ ಎರಡನೆಯ ಕೆಲಸವನ್ನು ಮೊದಲನೆಯದೆಂದು ತಿಳಿದದ್ದರ ಫಲ. ನೀರು ಇಳಿಯುವ ಗಳಿಗೆಯಲ್ಲಿ ಗಾಳಿಕೊಳವೆಯ ಬಾಯಿಯಿಂದ ಗಾಳಿ ಒಳಕ್ಕೆ ಹೋಗುತ್ತಿರುತ್ತದೆ. ಈ ಒಂದು ಸಂಗತಿಯನ್ನು ನಿಧಾನವಾಗಿ ಅರ್ಥಮಾಡಿಕೊಂಡರೆ ಉಳಿದೆಲ್ಲ ದೋಷಗಳ ವಿವರಣೆ ತಾನಾಗಿ ಒದಗುವುದರಿಂದ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಉಚಿತ.

ಮೂರನೆಯ ಮಹಡಿಯಲ್ಲಿ ಯಾರೋ ಫ್ಲಶ್ ಮಾಡಿದರೆನ್ನೋಣ. ಹೊರಬಿದ್ದ ನೀರು ಉದ್ದನೆಯ ನಿಲುಗೊಳವೆಯನ್ನು ತುಂಬಿಕೊಂಡು ಗಟ್ಟಿ ಕಂಬದಂತೆ ಇಳಿಯುತ್ತದೆ ಎಂದೇ ಹೆಚ್ಚಿನವರ ಊಹೆ. ನಿಜದಲ್ಲಿ ಅದು ಕೊಳವೆಯ ಒಳಗೋಡೆಗೆ ಅಂಟಿಕೊಂಡು, ಸುತ್ತಲೂ ತೆಳು ಪದರವಾಗಿ ಹರಡಿ ಜಾರುತ್ತದೆ. ನಡುವೆ ಗಾಳಿಯ ತಿರುಳು ಉಳಿಯುತ್ತದೆ. ನೀರಿನ ಪದರ ಗೋಡೆಗೆ ಉಜ್ಜಿಕೊಂಡು ಇಳಿಯುವುದರಿಂದ ಒಂದೆರಡು ಮಹಡಿ ಇಳಿಯುವಷ್ಟರಲ್ಲಿ ಅದರ ವೇಗ ಒಂದು ಮಿತಿಯನ್ನು ತಲುಪಿ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದಲೇ ಇಪ್ಪತ್ತು ಮಹಡಿಯ ಕಟ್ಟಡದ ಬುಡದಲ್ಲಿ ನೀರು ಐದು ಮಹಡಿಯ ಕಟ್ಟಡದಲ್ಲಿ ಇಳಿಯುವುದಕ್ಕಿಂತ ಬಹಳ ರಭಸದಿಂದ ಅಪ್ಪಳಿಸಿ ಕೊಳವೆಯನ್ನು ಒಡೆದುಹಾಕುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಆದರೆ ಜಾರುವ ಆ ಪದರ ತನ್ನೊಳಗಿನ ಗಾಳಿಯ ತಿರುಳನ್ನು ಕೆಳಕ್ಕೆ ಎಳೆಯುತ್ತದೆ. ಹೀಗೆ ಸಾಗುವ ಗಾಳಿಯ ಗಾತ್ರ ನೀರಿನ ಗಾತ್ರದ ಹಲವು ಪಟ್ಟು. ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಎಲ್ಲಿಂದಲಾದರೂ ಬರಲೇಬೇಕು. ತಾರಸಿಯ ಬಾಯಿ ತೆರೆದಿದ್ದರೆ ಅಲ್ಲಿಂದ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆ ಬಾಯಿ ಕಟ್ಟಿಕೊಂಡಿದ್ದರೆ ಕೊಳವೆಯೊಳಗೆ ಒತ್ತಡ ಕುಸಿಯುತ್ತದೆ. ಆ ಎಳೆತ ಕೊಳವೆಗೆ ಕೂಡಿಕೊಂಡ ಪ್ರತಿ ಮನೆಯ ಪ್ರತಿ ಬಾಗನ್ನೂ ತಲುಪುತ್ತದೆ. ಅವುಗಳಲ್ಲಿ ಅತಿ ದುರ್ಬಲವಾದ ತಡೆ ಯಾವುದೋ ಅದರ ಮೂಲಕ ಗಾಳಿ ಒಳನುಗ್ಗುತ್ತದೆ. ಬೇಸಿನ್ನಿನಿಂದ ಗೊಳಗೊಳ ಸದ್ದು ಕೇಳುವುದು ಆಗಲೇ. ಎಳನೀರು ಕುಡಿಯುವ ಸ್ಟ್ರಾವನ್ನು ನೀರಿನಲ್ಲಿ ಅದ್ದಿ, ಮೇಲಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಎತ್ತಿದರೆ ನೀರು ಒಳಗೇ ನಿಲ್ಲುತ್ತದೆ, ಬೆರಳು ತೆಗೆದೊಡನೆ ಸುರಿಯುತ್ತದೆ. ತಾರಸಿಯ ಮೇಲೆ ಗಾಳಿಕೊಳವೆಯ ಬಾಯಿಗೆ ಮುಚ್ಚಳ ಹಾಕುವುದು ಆ ಬೆರಳನ್ನು ಒತ್ತಿ ಹಿಡಿಯುವ ಕೆಲಸವೇ.

ಬುಡದಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಆಟ. ನಿಲುಗೊಳವೆ ತಿರುಗಿ ಚೇಂಬರಿನ ಕಡೆಗೆ ಮಲಗುವಲ್ಲಿ ನೀರಿನ ವೇಗ ತಟ್ಟನೆ ತಗ್ಗುತ್ತದೆ, ಆಳ ಹೆಚ್ಚುತ್ತದೆ, ಕೆಲವೊಮ್ಮೆ ಕೊಳವೆಯ ಅಗಲವನ್ನೆಲ್ಲ ತುಂಬಿಬಿಡುತ್ತದೆ. ಮೇಲಿನಿಂದ ಎಳೆದು ತಂದ ಗಾಳಿ ಅಲ್ಲಿ ಸಿಕ್ಕಿಕೊಂಡು ಒತ್ತಡ ಏರುತ್ತದೆ, ನೆಲಮಹಡಿಯ ಬಾಗುಗಳ ಮೂಲಕ ಮನೆಯೊಳಕ್ಕೆ ಗುಳ್ಳೆಗಳಾಗಿ ಹೊರಬರುತ್ತದೆ. ನೆಲಮಹಡಿಯ ಶೌಚಾಲಯವನ್ನು ಮೇಲಿನ ಮನೆಗಳ ಕೊಳವೆಗೆ ಕೂಡಿಸದೆ ಪ್ರತ್ಯೇಕವಾಗಿ ನೇರ ಚೇಂಬರಿಗೆ ಒಯ್ಯುವ ಒಳ್ಳೆಯ ರೂಢಿ ಬಂದಿರುವುದು ಇದಕ್ಕಾಗಿ. ಹೀಗೆ ಒಂದೇ ಫ್ಲಶ್‌ನಿಂದ ಮೇಲಿನ ಮನೆಯವರ ಬಾಗು ಬರಿದಾಗುತ್ತದೆ, ಕೆಳಗಿನ ಮನೆಯವರ ಬಚ್ಚಲು ಉಕ್ಕುತ್ತದೆ; ಫ್ಲಶ್ ಮಾಡಿದ ಮನೆಯವರಿಗೆ ಯಾವ ತೊಂದರೆಯೂ ಕಾಣಿಸಿರುವುದಿಲ್ಲ. ವಾಸನೆ ಬರುವ ಮನೆಯಲ್ಲಿಯೇ ದೋಷವನ್ನು ಹುಡುಕುವ ಪ್ಲಂಬರು ಟೈಲ್ಸ್ ಒಡೆದು, ಟ್ರ್ಯಾಪ್ ಬದಲಿಸಿ, ಹಣ ತೆಗೆದುಕೊಂಡು ಹೋದ ವಾರದೊಳಗೆ ವಾಸನೆ ಮತ್ತೆ ಬರುವುದು ಇದೇ ಕಾರಣದಿಂದ.

ಹಂಚಿಕೊಂಡ ಗಾಳಿಕೊಳವೆಯ ಉಪೇಕ್ಷೆ ವಾಸನೆಗಿಂತ ದೊಡ್ಡ ಅನಾಹುತಕ್ಕೂ ನೆರವಾಗಬಲ್ಲದು ಎಂಬುದಕ್ಕೆ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 2003ರ ಮಾರ್ಚಿನಲ್ಲಿ ನಡೆದುದೇ ಸಾಕ್ಷಿ. ಸಾರ್ಸ್ ಸೋಂಕು ತಗುಲಿ ಭೇದಿಯಿಂದ ಬಳಲುತ್ತಿದ್ದ ಒಬ್ಬ ವ್ಯಕ್ತಿ ಅಲ್ಲಿಯ ಬಂಧುವಿನ ಮನೆಗೆ ಬಂದು ಶೌಚಾಲಯವನ್ನು ಬಳಸಿದ ಮೇಲೆ, ಏಪ್ರಿಲ್ ಮಧ್ಯದ ಹೊತ್ತಿಗೆ ಆ ಸಮುಚ್ಚಯದಲ್ಲಿ 321 ಮಂದಿಗೆ ಸೋಂಕು ಕಾಣಿಸಿಕೊಂಡಿತು. ಅಲ್ಲಿಯ ಆರೋಗ್ಯ ಇಲಾಖೆಯ ತನಿಖೆಯಲ್ಲಿ ಕಂಡುಬಂದ ಸಂಗತಿಗಳು ಸಾಮಾನ್ಯ ಮನೆಗಳವೇ: ಬಚ್ಚಲಿನ ನೆಲಕ್ಕೆ ನೀರು ಸುರಿಯುವ ರೂಢಿ ಕಡಿಮೆಯಾಗಿ ಒಣಗಿಹೋದ ಬಾಗುಗಳು, ಬಾಗಿಲು ಮುಚ್ಚಿ ಓಡಿಸಿದ ಎಕ್ಸಾಸ್ಟ್ ಫ್ಯಾನುಗಳು ಆ ಒಣಬಾಗುಗಳ ಮೂಲಕ ಎಳೆದುಕೊಂಡ ಕೊಳವೆಯ ಗಾಳಿ, ಮತ್ತು ಅತಿ ಹೆಚ್ಚು ಪೀಡಿತವಾದ ಬ್ಲಾಕಿನ ನಾಲ್ಕನೆಯ ಮಹಡಿಯ ಮಟ್ಟದಲ್ಲಿ ಗಾಳಿಕೊಳವೆಗೆ ಬಿದ್ದಿದ್ದ ಒಂದು ಬಿರುಕು. ಕೊಳವೆಯ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳು ರೋಗಾಣುವನ್ನು ಒಯ್ಯಬಲ್ಲವು ಎಂಬುದನ್ನು ಪ್ಲಂಬಿಂಗ್ ಎಂಜಿನಿಯರುಗಳೂ ವೈದ್ಯರೂ ಒಟ್ಟಿಗೆ ಕುಳಿತು ಓದಬೇಕಾದ ಪಾಠವಾಗಿ ಆ ಘಟನೆ ಮಾಡಿತು.

ದೋಷ ಎಲ್ಲಿದೆ

ಗಾಳಿಕೊಳವೆ ಕೆಡುವ ಬಗೆಗಳು ಹೆಚ್ಚೇನಿಲ್ಲ. ಬಾಯಿ ಕಟ್ಟಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ: ಹಕ್ಕಿಯ ಗೂಡು, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ, ಬಣ್ಣ ಬಳಿಯುವವರು ತುರುಕಿ ಮರೆತ ಚಿಂದಿ, ಅಥವಾ ವಾಸನೆ ತಾಳಲಾರದೆ ನೆರೆಯವರೇ ಬಿಗಿದ ಮುಚ್ಚಳ. ಸೊಳ್ಳೆಬಲೆಯ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಒಳಚರಂಡಿ ಇಲ್ಲದೆ ಸೆಪ್ಟಿಕ್ ಟ್ಯಾಂಕನ್ನೇ ನೆಚ್ಚಿಕೊಂಡ ಊರುಗಳಲ್ಲಿ, ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಟ್ಯಾಂಕಿನಿಂದ ಗಾಳಿಕೊಳವೆಯ ಮೂಲಕವೇ ಹೊರಬರುವುದರಿಂದ, ಬಾಯಿಗೆ ಬಲೆ ಕಟ್ಟಬೇಕೆಂದು ಆರೋಗ್ಯ ಕಾರ್ಯಕರ್ತರು ಹೇಳುವ ಮಾತು ಸರಿಯಾದದ್ದೇ. ಆದರೆ ಹಳೆಯ ಸೀರೆಯ ತುಂಡನ್ನು ಮಡಿಚಿ ಬಿಗಿದರೆ ದೂಳೂ ಜೇಡರಬಲೆಯೂ ಸೇರಿ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಗಟ್ಟಿ ಬಿರಡೆಯಾಗಿಬಿಡುತ್ತದೆ. ನೈಲಾನ್ ಬಲೆಯನ್ನು ಒಂದೇ ಪದರವಾಗಿ, ಕೊಳವೆಯ ಬಾಯಿಗಿಂತ ಅಗಲವಾದ ಉಬ್ಬು ಬರುವಂತೆ ಸಡಿಲವಾಗಿ ಕಟ್ಟಿ, ಆಗಾಗ ಕೊಡವಿ ತೊಳೆಯುತ್ತಿದ್ದರೆ ಸೊಳ್ಳೆಯೂ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ.

ಎರಡನೆಯದು ಕೊಳವೆಯ ನಡುವಿನ ಒಡಕು. ಹಳೆಯ ಕಟ್ಟಡಗಳ ಬೀಡುಕಬ್ಬಿಣದ ಕೊಳವೆಗಳಲ್ಲಿ ಸೀಸ ತುಂಬಿದ ಕೀಲುಗಳು ಸಡಿಲವಾಗುತ್ತವೆ. ಪಿವಿಸಿ ಕೊಳವೆ ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡು ಸೆಡೆತು, ಏಣಿ ತಗುಲಿದರೂ ಸೀಳುತ್ತದೆ. ಒಡಕಿನಿಂದ ಒತ್ತಡವೇನೋ ಸರಿಯಾಗಿಯೇ ಉಳಿಯುತ್ತದೆ, ಬಾಗುಗಳು ಬರಿದಾಗುವುದಿಲ್ಲ. ಆದರೆ ತಾರಸಿಯ ಮೇಲೆ ಹೊರಬೀಳಬೇಕಾದ ಗಾಳಿ ಯಾರದೋ ಕಿಟಕಿಯ ಪಕ್ಕದಲ್ಲಿ ಹೊರಬೀಳುತ್ತದೆ.

ಮೂರನೆಯದು ಜನ ತಾವಾಗಿ ಮಾಡಿದ ಬದಲಾವಣೆ. ನೆರೆಯವರು ಇನ್ನೊಂದು ಮಹಡಿ ಎಬ್ಬಿಸಿದಾಗ ಹಿಂದೆ ತಾರಸಿಗಿಂತ ಮೇಲಿದ್ದ ಕೊಳವೆಯ ಬಾಯಿ ಈಗ ಅವರ ಮಲಗುವ ಕೋಣೆಯ ಕಿಟಕಿಗೆ ನೇರವಾಗುತ್ತದೆ. 30×40 ನಿವೇಶನಗಳ ಬಡಾವಣೆಗಳಲ್ಲಿ ಈ ತಕರಾರು ಬಹಳ. ಬಾಯಿಯ ಮೂರು ಮೀಟರಿನೊಳಗೆ ಯಾವುದೇ ಕಿಟಕಿ ಇದ್ದರೆ ಅದರ ಮೇಲಂಚಿಗಿಂತ ಕನಿಷ್ಠ 900 ಮಿಲಿಮೀಟರ್ ಎತ್ತರಕ್ಕೆ ಕೊಳವೆಯನ್ನು ಏರಿಸಬೇಕೆಂದು ಇಂಗ್ಲೆಂಡಿನ ಕಟ್ಟಡ ನಿಯಮದ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿಯೂ ಅನುಸರಿಸಲು ಯೋಗ್ಯವಾದ ಅಳತೆಯಿದು. ಇದಕ್ಕಿಂತ ಕೆಟ್ಟದ್ದು, ಹೊಸದಾಗಿ ಯುಟಿಲಿಟಿ ಮಾಡಿಸಿದವರು ವಾಷಿಂಗ್ ಮೆಷೀನಿನ ನೀರನ್ನೋ ತಾರಸಿಯ ಮಳೆನೀರನ್ನೋ ಹತ್ತಿರ ಸಿಕ್ಕಿದ ಗಾಳಿಕೊಳವೆಗೆ ಕೂಡಿಸಿಬಿಡುವುದು. ಆಗ ಗಾಳಿ ಒಯ್ಯಬೇಕಾದ ದಾರಿಯಲ್ಲಿ ಸಾಬೂನಿನ ನೊರೆ ತುಂಬಿಕೊಳ್ಳುತ್ತದೆ. ಅಡ್ಡವಾಗಿ ಎಳೆದ ಗಾಳಿಕೊಳವೆಯ ನಡುವೆ ಕ್ಲಾಂಪು ಕಳಚಿ ಅದು ಜೋಲುಬಿದ್ದಿದ್ದರೆ, ಆ ತಗ್ಗಿನಲ್ಲಿ ನಿಂತ ನೀರು ಇಡೀ ಕೊಳವೆಯನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಕೊಳವೆ ಸರಿಯಾಗಿಯೇ ಇದೆ ಎನಿಸುತ್ತದೆ. ಹುಡುಕಿ ಸಿಗದೆ ಬಹಳ ಕಾಡುವ ದೋಷ ಇದು.

ಪತ್ತೆಯ ಕೆಲಸ ಎರಡೂ ಮನೆಯವರು ಕೂಡಿ ಮಾಡಬೇಕಾದದ್ದು, ಏಕೆಂದರೆ ಒಬ್ಬರು ನೀರು ಬಿಡದೆ ಇನ್ನೊಬ್ಬರು ಪರಿಣಾಮವನ್ನು ನೋಡಲಾಗದು. ಮೊದಲು ಎರಡೂ ಮನೆಗಳ ಎಲ್ಲ ನಹಾನಿ ಟ್ರ್ಯಾಪುಗಳಿಗೂ, ಬಳಸದೆ ಬಿಟ್ಟ ಅತಿಥಿಕೋಣೆಯ ಬಚ್ಚಲಿಗೂ ಒಂದೊಂದು ಚೆಂಬು ನೀರು ಹೊಯ್ಯಬೇಕು. ವಾಸನೆ ನಿಂತು ಕೆಲವು ವಾರ ಬಾರದಿದ್ದರೆ ಅದು ನೀರು ಆರಿಹೋದದ್ದರ ಫಲವಷ್ಟೆ, ಗಾಳಿಕೊಳವೆಯನ್ನು ದೂರಬೇಕಾಗಿಲ್ಲ. ದಿನದೊಳಗೆ ಮರಳಿ ಬಂದರೆ ಮುಂದಿನ ಪರೀಕ್ಷೆ: ನಹಾನಿ ಟ್ರ್ಯಾಪಿನ ಜಾಲರಿಯನ್ನು ತೆಗೆದು, ಸುತ್ತಲಿನ ನೆಲವನ್ನು ಒದ್ದೆ ಮಾಡಿ, ಹಾಲಿನ ಪ್ಯಾಕೆಟ್ಟಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಬಾಯಿಯ ಮೇಲೆ ಸಡಿಲವಾಗಿ ಹರಡಿ ಅಂಚುಗಳನ್ನು ಬೆರಳಿನಿಂದ ನೆಲಕ್ಕೆ ಅಂಟಿಸಬೇಕು. ಮೇಲಿನ ಅಥವಾ ಪಕ್ಕದ ಮನೆಯವರು ಫ್ಲಶ್ ಮಾಡಿದೊಡನೆ ಹಾಳೆ ಒಳಕ್ಕೆ ತಗ್ಗಿದರೆ ಎಳೆತ, ಅಂದರೆ ಮೇಲಿನ ಬಾಯಿಯ ಕಡೆ ಅಡಚಣೆ. ಹೊರಕ್ಕೆ ಉಬ್ಬಿದರೆ ಹಿಮ್ಮೊತ್ತಡ, ಅಂದರೆ ಬುಡದ ತಿರುವಿನಲ್ಲೋ ಚೇಂಬರಿನಲ್ಲೋ ಅಡಚಣೆ. ಅಲುಗದೆ ಇದ್ದರೆ ಒತ್ತಡದ ಏರುಪೇರು ಇಲ್ಲ, ಒಡಕನ್ನು ಹುಡುಕಬೇಕು. ಯಂತ್ರವಿಲ್ಲದೆ, ಖರ್ಚಿಲ್ಲದೆ ಇಷ್ಟು ತಿಳಿಸಿಕೊಡುವ ಪರೀಕ್ಷೆ ಇರುವಾಗ ಟೈಲ್ಸ್ ಒಡೆಯುವುದಕ್ಕೆ ಆತುರಪಡುವುದು ತರವಲ್ಲ.

ಬಳಿಕ ತಾರಸಿಯ ಬಾಯಿಯಿಂದ ಹೋಸ್‌ಪೈಪಿನಲ್ಲಿ ನೀರನ್ನು ನಿಧಾನವಾಗಿ ಬಿಟ್ಟು, ಕೆಳಗೆ ಚೇಂಬರಿನ ಮುಚ್ಚಳ ಸರಿಸಿ ನೋಡಿದರೆ ಕೊಳವೆ ತೆರವಾಗಿದೆಯೇ ಎಂಬುದು ಗೊತ್ತಾಗುತ್ತದೆ. ಒಡಕನ್ನು ಹುಡುಕಲು ಹಳೆಯ ಕಾಲದ ಒಂದು ಸೊಗಸಾದ ವಿಧಾನವಿದೆ: ಪುದೀನ ಎಣ್ಣೆಯನ್ನು ಗಾಳಿಕೊಳವೆಯ ಬಾಯಿಗೆ ಸುರಿದು, ಹಿಂದೆಯೇ ಬಿಸಿನೀರು ಹೊಯ್ದು, ಬಾಯಿಯನ್ನು ಸ್ವಲ್ಪ ಹೊತ್ತು ಮುಚ್ಚಿ, ಕೆಳಗಿನ ಮನೆಗಳಲ್ಲಿ ಪುದೀನದ ಪರಿಮಳ ಎಲ್ಲಿ ಬರುತ್ತದೆಂದು ಮೂಸಿ ನೋಡುವುದು. ಎಣ್ಣೆ ಸುರಿದವರು ಕೆಲಸ ಮುಗಿಯುವ ತನಕ ತಾರಸಿಯಿಂದ ಇಳಿಯಬಾರದು ಎಂಬುದೇ ಇದರ ಮುಖ್ಯ ನಿಯಮ. ಅವರ ಕೈಯ ವಾಸನೆಯೇ ಸಾಕು, ಪರೀಕ್ಷೆ ಕೆಡುತ್ತದೆ. ಇಂದು ಹೊಗೆಯಂತ್ರದಿಂದ ಮಾಡುವ ಪರೀಕ್ಷೆಯೂ ಇದೇ ತತ್ತ್ವದ್ದು.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಲೇಬೇಕು. ಯಾವ ಕಾರಣಕ್ಕೂ ಯಾರನ್ನೂ ಚೇಂಬರಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸಬಾರದು, ಬೆಳಕಿಗೆಂದು ಬೆಂಕಿಕಡ್ಡಿ ಗೀರಬಾರದು. ಕೊಳೆಯುವ ಮಲದಿಂದ ಹುಟ್ಟುವ ಮೀಥೇನ್ ಹೊತ್ತಿಕೊಳ್ಳುವ ಅನಿಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲಿ ತಂಗುತ್ತದೆ; ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದರದು ನೂರು ಭಾಗದಷ್ಟಾಗುವ ಹೊತ್ತಿಗೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ನಿಂತಿತೆಂದು ಇನ್ನೊಂದು ಮೆಟ್ಟಿಲು ಇಳಿದವರು ಮೇಲೆ ಬರುವುದಿಲ್ಲ. ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ; ಜಗಳ ಎರಡು ಮನೆಯದಾದರೂ ಪ್ರಾಣ ತೆರುವವನು ಮೂರನೆಯ ಬಡವನಾಗುವುದು ಈ ನಾಡು ಇನ್ನೂ ಕಳೆದುಕೊಳ್ಳದ ಕಳಂಕ. ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916 ಸಂಖ್ಯೆಗೆ, ಇತರೆಡೆ ನಗರಸಭೆಗೆ ದೂರು ಕೊಟ್ಟು ಯಂತ್ರದಿಂದಲೇ ತೆಗೆಸಬೇಕು.

ದುರಸ್ತಿ ಮತ್ತು ಖರ್ಚು

ದುರಸ್ತಿಯೇ ಈ ಪ್ರಕರಣದ ಸುಲಭವಾದ ಭಾಗ. ಸೀಳಿದ ತುಂಡನ್ನು ಎಂ-ಸೀಲ್ ಬಳಿದು ಮುಚ್ಚುವುದಕ್ಕಿಂತ ಬದಲಿಸುವುದು ಮೇಲು. ಇಂಥ ಪಿವಿಸಿ ಕೊಳವೆಗಳ ಭಾರತೀಯ ಮಾನಕವಾದ ಐಎಸ್ 13592 ಎರಡು ಬಗೆಗಳನ್ನು ಹೇಳುತ್ತದೆ: ಗಾಳಿಗೂ ಮಳೆನೀರಿಗೂ ಎ ಬಗೆ, ಮಲ ಮತ್ತು ಬಚ್ಚಲು ನೀರಿಗೆ ಹೆಚ್ಚು ದಪ್ಪದ ಬಿ ಬಗೆ. ಅಗಲವನ್ನು ಎಲ್ಲಿಯೂ ಕಿರಿದು ಮಾಡಬಾರದು. ಅಡ್ಡ ಭಾಗವಿದ್ದರೆ ಒಳಗೆ ಕೂಡಿದ ನೀರು ಹಿಂದಕ್ಕೆ ಹರಿದು ಹೋಗುವಂತೆ ಇಳಿಜಾರು ಕೊಡಬೇಕು. ಬಾಯಿಗೆ ಮುಚ್ಚಳದ ಬದಲು ಸುತ್ತಲೂ ಸೀಳುಗಳಿರುವ ಕೌಲ್ ಹಾಕಬೇಕು. ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಸಣ್ಣ ಕವಾಟಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಅವು ಎಳೆತವನ್ನು ನೀಗುತ್ತವೆ, ಹಿಮ್ಮೊತ್ತಡವನ್ನು ನೀಗಲಾರವು. ಆದ್ದರಿಂದ ತಾರಸಿಯ ತೆರೆದ ಬಾಯಿಗೆ ಬದಲಿಯಾಗಿ ಅವನ್ನು ನಂಬಬಾರದು.

ಕಷ್ಟವಿರುವುದು ಪಕ್ಕದ ಮನೆಯ ಜಾಗದಲ್ಲಿ ಕಾಲಿಟ್ಟು ಕೆಲಸ ಮಾಡುವುದರಲ್ಲಿ, ಮತ್ತು ಹಣ ಯಾರದು ಎಂಬುದರಲ್ಲಿ. ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕೆ ಉತ್ತರ ನೇರವಾಗಿದೆ: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಕಟ್ಟಡದ ಸುರಕ್ಷತೆಗೂ ನಿರ್ವಹಣೆಗೂ ಬೇಕಾದ, ಎಲ್ಲರೂ ಬಳಸುವ ಭಾಗಗಳು ಸಾಮಾನ್ಯ ಸ್ವತ್ತು, ಅವುಗಳ ದುರಸ್ತಿಗಾಗಿ ಯುಕ್ತ ವೇಳೆಯಲ್ಲಿ ಯಾವ ಮನೆಯನ್ನಾದರೂ ಪ್ರವೇಶಿಸುವ ಹಕ್ಕು ಸಂಘಕ್ಕೆ ಇದೆ, ಖರ್ಚು ಎಲ್ಲರ ನಿರ್ವಹಣಾ ನಿಧಿಯಿಂದ. ಒಂದು ಮನೆಯ ಬಚ್ಚಲಿನ ಹಿಂದೆ ಹಾದುಹೋಗಿದೆ ಎಂಬ ಕಾರಣಕ್ಕೆ ಆ ಕೊಳವೆ ಆ ಮನೆಯವರದೇ ಎಂದು ಸಂಘ ಕೈತೊಳೆದುಕೊಳ್ಳುವುದು ಸರಿಯಲ್ಲ.

ಬಿಡಿ ಮನೆಗಳ ವಿಷಯದಲ್ಲಿ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಆಶ್ಚರ್ಯಪಡುವಷ್ಟು ಸ್ಪಷ್ಟವಾಗಿದೆ. ಈಸ್‌ಮೆಂಟ್ ಎಂದರೆ ಒಬ್ಬರ ಸ್ವತ್ತಿನ ಅನುಭೋಗಕ್ಕಾಗಿ ಇನ್ನೊಬ್ಬರ ಸ್ವತ್ತಿನ ಮೇಲೆ ಇರುವ ಮಿತವಾದ ಹಕ್ಕು. ಒಂದೇ ಸ್ವತ್ತು ಪಾಲಾದಾಗ, ಪಾಲಾಗುವ ವೇಳೆ ಹೇಗೆ ಬಳಸಲಾಗುತ್ತಿತ್ತೋ ಹಾಗೆ ಮುಂದುವರಿಯಲು ಅಗತ್ಯವಾದ, ಕಣ್ಣಿಗೆ ಕಾಣುವ, ನಿರಂತರವಾದ ಇಂಥ ಹಕ್ಕುಗಳು ಪಾಲಿನೊಡನೆಯೇ ಬರುತ್ತವೆ ಎಂದು 13ನೆಯ ಕಲಮು ಹೇಳುತ್ತದೆ. 24ನೆಯ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಯೇ ಕೊಳವೆಯದು: ನೆರೆಯವರ ನೆಲದಲ್ಲಿ ಕೊಳವೆ ಹಾಕುವ ಹಕ್ಕುಳ್ಳವರು ಅದನ್ನು ಸರಿಪಡಿಸಲು ಆ ನೆಲವನ್ನು ಪ್ರವೇಶಿಸಿ ಅಗೆಯಬಹುದು, ಆದರೆ ಮೇಲ್ಮೈಯನ್ನು ಮೊದಲಿದ್ದಂತೆ ಮಾಡಿಕೊಡಬೇಕು. ಮುಂದಿನ ಎರಡು ಕಲಮುಗಳು ದುರಸ್ತಿಯ ಖರ್ಚನ್ನು ಹಕ್ಕುಳ್ಳವರ ಮೇಲೆಯೂ, ದುರಸ್ತಿ ಮಾಡದೆ ಬಿಟ್ಟದ್ದರಿಂದ ನೆರೆಯವರಿಗಾದ ಹಾನಿಯ ಪರಿಹಾರವನ್ನೂ ಅವರ ಮೇಲೆಯೇ ಹೊರಿಸುತ್ತವೆ. ಎರಡೂ ಮನೆಗಳು ಬಳಸುವ ಕೊಳವೆಯಲ್ಲಿ ಇಬ್ಬರೂ ಹಕ್ಕುಳ್ಳವರೇ ಆಗುವುದರಿಂದ ಖರ್ಚನ್ನು ಹಂಚಿಕೊಳ್ಳುವುದೇ ನ್ಯಾಯ. ಒಬ್ಬರು ವಾಷಿಂಗ್ ಮೆಷೀನಿನ ನೀರು ಕೂಡಿಸಿ ಕೆಡಿಸಿದ್ದರೆ ಆ ಭಾಗ ಅವರದು.

ಇಷ್ಟಾದರೂ ನ್ಯಾಯಾಲಯದ ಮೆಟ್ಟಿಲು ಏರುವ ಮೊದಲು ಮಾಡಬೇಕಾದದ್ದು ಬೇರೆ ಇದೆ. "ನಿಮ್ಮ ಪೈಪಿನಿಂದ ವಾಸನೆ ಬರುತ್ತಿದೆ" ಎಂದು ಶುರುವಾದ ಮಾತು ಹೆಚ್ಚಾಗಿ ಅಲ್ಲಿಯೇ ಮುರಿಯುತ್ತದೆ. "ಭಾನುವಾರ ಬೆಳಿಗ್ಗೆ ನೀವು ಮೇಲೆ ಫ್ಲಶ್ ಮಾಡಿದರೆ ನಾವು ಕೆಳಗೆ ಹಾಳೆ ಹಾಕಿ ನೋಡುತ್ತೇವೆ, ಬಿಡುವು ಮಾಡಿಕೊಳ್ಳುತ್ತೀರಾ" ಎಂದು ಕೇಳಿದವರಿಗೆ ಇಲ್ಲವೆನ್ನುವವರು ಕಡಿಮೆ. ಹಾಳೆ ಉಬ್ಬಿದ್ದನ್ನೋ ತಗ್ಗಿದ್ದನ್ನೋ ಎರಡು ಮನೆಯವರೂ ಒಟ್ಟಿಗೆ ಕಂಡ ಮೇಲೆ ವಾದಕ್ಕೆ ಉಳಿಯುವುದು ಕಡಿಮೆ. ದುರಸ್ತಿಯ ನಂತರ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾರ ಯಾವ ಕೂಡಿಕೆ ಎಲ್ಲಿದೆ, ಬಾಯಿಯನ್ನು ಯಾರು ಯಾವ ತಿಂಗಳು ನೋಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳುವುದು ಮುಂದೆ ಮನೆ ಕೊಳ್ಳುವವರಿಗೂ ಉಪಕಾರ.

ಕೊನೆಗೆ, ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ನಡೆಯಬೇಕಾದ ಅಧ್ಯಯನದ ಮಾತು. ನಿಲುಗೊಳವೆ ಎಷ್ಟು ನೀರನ್ನು ಹೊರಬಲ್ಲದು ಎಂಬ ಲೆಕ್ಕಗಳಿಗೆ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಾಯ್ ಹಂಟರ್ ಮಾಡಿದ ಪ್ರಯೋಗಗಳು ತಳಹದಿ. 1940ರಲ್ಲಿ ಅವನು ಪ್ರಕಟಿಸಿದ ವಿಧಾನ ಜಗತ್ತಿನ ಅನೇಕ ದೇಶಗಳ ಪ್ಲಂಬಿಂಗ್ ನಿಯಮಗಳಿಗೆ ಮಾದರಿಯಾಯಿತು. ಆದರೆ ಅವನ ಲೆಕ್ಕದ ಮನೆಗಳಲ್ಲಿ ಬಕೆಟ್ಟಿನಿಂದ ಒಮ್ಮೆಗೇ ನೀರು ಸುರಿಯುವ ಶೌಚಾಲಯಗಳಿರಲಿಲ್ಲ, ನೆಲದ ಮೇಲೆಯೇ ಮಿಂದು ನಹಾನಿ ಟ್ರ್ಯಾಪಿಗೆ ನೀರು ಹರಿಸುವ ಬಚ್ಚಲುಗಳಿರಲಿಲ್ಲ, ಬೆಳಗಿನ ಒಂದು ಗಂಟೆಯಷ್ಟೇ ನೀರು ಬರುವ ನಲ್ಲಿಗಳಿರಲಿಲ್ಲ. ಎರಡು ಮೀಟರ್ ಪಾರದರ್ಶಕ ರಬ್ಬರ್ ನಳಿಗೆಯನ್ನು ಯು ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ನಿಲುಗೊಳವೆಯ ಪರೀಕ್ಷಾ ರಂಧ್ರಕ್ಕೆ ಜೋಡಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಒತ್ತಡದ ಮಾಪಕ ಸಿದ್ಧ; ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ತಮ್ಮ ಹಾಸ್ಟೆಲ್ಲಿನ ಪ್ರತಿ ಮಹಡಿಯಲ್ಲಿ ಇಂಥದೊಂದನ್ನು ಕಟ್ಟಿ, ಬೆಳಗಿನ ಆರರಿಂದ ಒಂಬತ್ತರ ತನಕ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬಹುದು. ಬಕೆಟ್ ನೀರಿಗೂ ಫ್ಲಶ್ ನೀರಿಗೂ ಮಿಲಿಮೀಟರಿನಲ್ಲಿ ಬರುವ ಅಂತರ, ಗಾಳಿಕೊಳವೆಯ ಬಾಯಿ ಮುಚ್ಚಿದಾಗ ಮತ್ತು ತೆರೆದಾಗಿನ ವ್ಯತ್ಯಾಸ, ನಹಾನಿ ಟ್ರ್ಯಾಪಿನ ತಡೆ ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಎಷ್ಟು ದಿನ ನಿಲ್ಲುತ್ತದೆ, ಮಡಿಕೇರಿಯಲ್ಲಿ ಎಷ್ಟು ದಿನ ಎಂಬ ಪಟ್ಟಿ, ಇವಿಷ್ಟು ಅಳತೆಗಳು ಕನ್ನಡದಲ್ಲಿ ಬರೆದಿಟ್ಟು ದೊರೆತರೂ ಮುಂದೆ ಮನೆ ಕಟ್ಟಿಸುವವರಿಗೂ ಮೇಸ್ತ್ರಿಗಳಿಗೂ ಕೈಗೆ ಸಿಗುವ ಆಧಾರವಾದೀತು.